ಗಚ್ಚು ಹಿಡಿದ ಇಟ್ಟಿಗೆ: ಕಲ್ಯಾಣ ಸೀಮೆಯ ಹಳೆಯ ಮನೆಗಳು



ಕಲ್ಯಾಣವೆಂದೊಡನೆ ನಮ್ಮ ನೆನಪಿಗೆ ಬರುವುದು ಅರಸರ ಕಲ್ಯಾಣ, ಶರಣರ ಕಲ್ಯಾಣ. ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಚಾಲುಕ್ಯರ ಮೊದಲನೆಯ ಸೋಮೇಶ್ವರನೂ, 1076ರಲ್ಲಿ ಪಟ್ಟವೇರಿ ಸುಮಾರು 50 ವರ್ಷ ಆಳಿದ ಆರನೆಯ ವಿಕ್ರಮಾದಿತ್ಯನೂ, ಅವನ ಆಶ್ರಯದಲ್ಲಿದ್ದ ಬಿಲ್ಹಣ ವಿಜ್ಞಾನೇಶ್ವರರೂ, ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೂ ನಡೆದಾಡಿದ ಈ ಊರಿನಲ್ಲಿ, ಅವರು ಉಂಡು ಮಲಗಿದ ಮನೆಗಳ ಪೈಕಿ ಒಂದಾದರೂ ತನ್ನ ಮೂಲರೂಪದಲ್ಲಿ ಉಳಿದಿದೆಯೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ದೇವಾಲಯಗಳು ಉಳಿದಿವೆ. ಕಲ್ಯಾಣದ ಮಗ್ಗುಲಿನ ನಾರಾಯಣಪುರದಲ್ಲಿ ಒಂದಿದೆ. ಹುಮನಾಬಾದ ತಾಲ್ಲೂಕಿನ ಜಲಸಂಗವಿಯಲ್ಲಿ, ಶಿಲಾಬಾಲಿಕೆಯೊಬ್ಬಳು ಶಾಸನವನ್ನೇ ಬರೆಯುತ್ತ ನಿಂತಿರುವ ಮತ್ತೊಂದಿದೆ. ಶರಣರ ಹೆಸರಿನ ಗವಿಗಳಿವೆ. ಕೋಟೆಯಿದೆ. ಆ ಕೋಟೆಯ ಗೋಡೆಗಳೊಳಗೆ ಹಿಂದಿನ ಗುಡಿಗಳ ಕೆತ್ತನೆಯ ಕಲ್ಲುಗಳು ಸೇರಿಕೊಂಡಿರುವುದನ್ನು ಅಲ್ಲಿಗೆ ಹೋದವರೆಲ್ಲ ಕಂಡಿದ್ದಾರೆ. ಇಲ್ಲದಿರುವುದು ಮನೆ ಮಾತ್ರ.

ಅದಕ್ಕೆ ಕಾರಣವುಂಟು. ಕಲ್ಲಿನ ಕಂಬವು ಬಿದ್ದ ಕಡೆ ಬಿದ್ದಿರುತ್ತದೆ. ಇಟ್ಟಿಗೆ ಹಾಗಲ್ಲ. ಮನೆಯೊಂದು ಬಿದ್ದರೆ ಅದರ ಇಟ್ಟಿಗೆಯನ್ನು ಬಿಡಿಸಿ, ಅಂಟಿದ ಗಚ್ಚನ್ನು ಕೆತ್ತಿ, ಮತ್ತೊಂದು ಮನೆಗೆ ಹಚ್ಚುತ್ತಾರೆ. ತೊಲೆಯನ್ನು ಕೊಯ್ದು ಬಾಗಿಲು ಮಾಡುತ್ತಾರೆ. ಮಣ್ಣನ್ನು ನೀರಿನಲ್ಲಿ ಕಲಸಿ ಮರಳಿ ಮಾಳಿಗೆಗೆ ಏರಿಸುತ್ತಾರೆ. ಹೀಗೆ ಒಂದು ತಲೆಮಾರಿನ ಮನೆ ಮುಂದಿನ ತಲೆಮಾರಿನ ಮನೆಯೊಳಗೆ ಅಡಗಿಹೋಗುತ್ತ ಬಂದಿದೆ. ಆದಕಾರಣ ಇಂದು ನಾನು ನಿಮ್ಮೊಡನೆ ಮಾತಾಡಲಿರುವುದು ಚಾಲುಕ್ಯರ ಮನೆಗಳನ್ನು ಕುರಿತಲ್ಲ. ಬಸವಕಲ್ಯಾಣದ ಮತ್ತು ಹುಮನಾಬಾದಿನ ಹಳೆಯ ಓಣಿಗಳಲ್ಲಿ, ನಿಜಾಮರ ಆಳಿಕೆಯ ಕಾಲದಿಂದ ಈಚೆಗೆ ಕಟ್ಟಲ್ಪಟ್ಟು, ಇಂದಿಗೂ ಅಲ್ಲೊಂದು ಇಲ್ಲೊಂದರಂತೆ ನಿಂತಿರುವ ಇಟ್ಟಿಗೆ ಗಚ್ಚಿನ ಮನೆಗಳನ್ನು ಕುರಿತು. ಈ ಮನೆಗಳು ಇಷ್ಟು ಕಾಲ ನಿಂತದ್ದು ಅವುಗಳ ಗೋಡೆ ದಪ್ಪವೆಂಬುದರಿಂದ ಮಾತ್ರವಲ್ಲ, ವರ್ಷ ವರ್ಷವೂ ಯಾರೋ ಒಬ್ಬರು ಅವುಗಳಿಗೆ ಉಪಚಾರ ಮಾಡುತ್ತ ಬಂದದ್ದರಿಂದ. ನಾನು ಹೇಳಬೇಕೆಂದಿರುವುದು ಇದೊಂದೇ.

ಮೊದಲು ಅಂಥದೊಂದು ಮನೆಯೊಳಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಬಸವಕಲ್ಯಾಣದ ಹಳೆಯ ಪೇಟೆಯಲ್ಲಿ, ಬಂದವರ ಓಣಿ ಪರುಷಕಟ್ಟೆಗಳ ಆಸುಪಾಸಿನಲ್ಲಿ ಇದ್ದೀರೆಂದು ಭಾವಿಸಿರಿ. ಓಣಿ ಇಕ್ಕಟ್ಟು. ಎರಡು ಕಡೆಗೂ ಎತ್ತರವಾದ ಗೋಡೆ. ಗೋಡೆಯ ಕೆಳಭಾಗ, ಒಬ್ಬ ಆಳಿನ ಸೊಂಟದವರೆಗೋ ಎದೆಯವರೆಗೋ, ಕಲ್ಲಿನದು. ಅಲ್ಲಿಂದ ಮೇಲಕ್ಕೆ ಇಟ್ಟಿಗೆಯದು. ಓಣಿಯ ಕಡೆಗೆ ಕಿಟಕಿಗಳು ಅತಿ ಕಡಿಮೆ. ತಲೆಬಾಗಿಲು ಮಾತ್ರ ದೊಡ್ಡದು. ಅದರ ಮೇಲೆ ಇಟ್ಟಿಗೆಯ ಕಮಾನು, ಇಕ್ಕೆಲಗಳಲ್ಲಿ ಕೂಡುವ ಕಟ್ಟೆ. ದೊಡ್ಡ ಕದದೊಳಗೇ ಒಂದು ಸಣ್ಣ ದಿಡ್ಡಿ ಬಾಗಿಲು. ನಿತ್ಯದ ಓಡಾಟವೆಲ್ಲ ಅದರಲ್ಲಿ, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಕಾಲಿಟ್ಟರೆ ನೇರವಾಗಿ ಅಂಗಳ ಕಾಣುವುದಿಲ್ಲ; ಒಂದು ಅಡ್ಡಗೋಡೆಯನ್ನು ಸುತ್ತಿಕೊಂಡು ಹೊರಳಿದ ಮೇಲೆಯೇ ಆಕಾಶಕ್ಕೆ ತೆರೆದುಕೊಂಡ ನಡುವಂಗಳ ಎದುರಾಗುತ್ತದೆ. ಅದರ ನೆಲಕ್ಕೆ ಶಹಾಬಾದಿನ ಫರಸಿ. ಅಂಗಳದ ಸುತ್ತ ಮರದ ಕಂಬಗಳ ಪಡಸಾಲೆ. ಹೊರಗಿನವರು ಬಂದರೆ ಕೂಡಲು ದಿವಾಣಖಾನೆ. ಒಳಗೆ ಅಡಿಗೆಯ ಮನೆ, ದೇವರ ಜಗಲಿ, ಬಾಣಂತಿಯ ಕೋಣೆ. ಒಂದು ಬದಿಗೆ ದನಗಳ ಕೊಟ್ಟಿಗೆ. ಒಕ್ಕಲುತನದ ಮನೆಯಾಗಿದ್ದರೆ ನೆಲದಡಿಯಲ್ಲಿ ಜೋಳ ತುಂಬುವ ಹಗೇವು ಕೂಡ ಇರುತ್ತದೆ. ಮೇಲೆ ಮಣ್ಣಿನ ಮಾಳಿಗೆ: ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಒತ್ತೊತ್ತಾಗಿ ಹಾಸಿದ ಕಟ್ಟಿಗೆ, ಅದರ ಮೇಲೆ ಒಂದಡಿಗೂ ಮಿಗಿಲಾದ ಮಣ್ಣು. ನಡುವೆ ಬೆಳಕಿಂಡಿ.

ಈ ಗೋಡೆಗಳ ದಪ್ಪವನ್ನು ಅಳೆದು ನೋಡಿದರೆ ಒಂದೂವರೆ ಅಡಿಗೆ ಕಡಿಮೆಯಿರುವುದು ವಿರಳ. ಎರಡು, ಎರಡೂವರೆ ಅಡಿಯವೂ ಉಂಟು. ಅಷ್ಟು ದಪ್ಪವಿರುವುದರಿಂದಲೇ ಗೋಡೆಯ ಒಡಲಿನಲ್ಲಿ ಮಾಡಗಳನ್ನು ಬಿಡುವುದು ಸಾಧ್ಯವಾಯಿತು. ದೀಪಕ್ಕೊಂದು ಮಾಡ, ಪೋಥಿಗೊಂದು, ತೊಟ್ಟಿಲ ಮಗುವಿನ ಔಷಧಿಗೊಂದು. ಬೀದರಿನಲ್ಲಿ 1472ರ ಹೊತ್ತಿಗೆ ಎದ್ದ ಮಹಮೂದ ಗವಾನನ ಮದರಸಾದ ಗೋಡೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣುವ ಮೊನೆಗಮಾನನ್ನೇ ಈ ಅಂಗೈಯಗಲದ ದೀಪದ ಗೂಡಿನಲ್ಲಿಯೂ ಕಾಣಬಹುದು. ಅರಸೊತ್ತಿಗೆಯ ಕಟ್ಟಡದಲ್ಲಿ ಪಳಗಿದ ಕೈ ಮನೆಯ ಗೋಡೆಗೂ ಇಳಿಯಿತೆಂದು ನಾನು ನಂಬುತ್ತೇನೆ; ಅದರಲ್ಲಿ ಜಾತಿ ಮತಗಳ ಎಣಿಕೆ ಇದ್ದಂತಿಲ್ಲ, ಏಕೆಂದರೆ ಲಿಂಗವಂತರ ದೇವರ ಜಗಲಿಗೂ ಅದೇ ಕಮಾನು, ಮುಸಲ್ಮಾನರ ಬೈಠಕ್ಕಿಗೂ ಅದೇ ಕಮಾನು.

ಇಷ್ಟರವರೆಗೆ ಮನೆಯ ವಿನ್ಯಾಸವನ್ನು ಹೇಳಿದೆ: ಕಲ್ಲಿನ ಪಾಯ, ಇಟ್ಟಿಗೆಯ ಗೋಡೆ, ನಡುವಂಗಳ, ಮಣ್ಣಿನ ಮಾಳಿಗೆ. ಇನ್ನು ಇಟ್ಟಿಗೆಯನ್ನೇ ಕೈಗೆತ್ತಿಕೊಳ್ಳೋಣ.

ನಮ್ಮ ಈ ಸೀಮೆಗೆ ಇಟ್ಟಿಗೆ ಹೊಸದಲ್ಲ. ಭೀಮಾತೀರದ ಸನ್ನತಿಯಲ್ಲಿ ಭೂಮಿಯನ್ನು ಅಗೆದಾಗ ಶಾತವಾಹನರ ಕಾಲದ ಇಟ್ಟಿಗೆಗಳು ದೊರೆತವು. ಅವು ಇಂದಿನ ಇಟ್ಟಿಗೆಗಿಂತ ಬಹಳ ದೊಡ್ಡವು. ಆದರೆ ನಾವು ಮಾತಾಡುತ್ತಿರುವ ಮನೆಗಳ ಇಟ್ಟಿಗೆ ತೆಳುವಾದುದು. ಇಂದಿನ ಇಟ್ಟಿಗೆ ಮೂರು ಅಂಗುಲ ದಪ್ಪವಿದ್ದರೆ ಇದು ಒಂದೂವರೆ, ಎರಡು ಅಂಗುಲ. ತೆಳುವಾದ ಇಟ್ಟಿಗೆಯ ಗುಣವೇನೆಂದರೆ, ಕಟ್ಟಿಗೆಯ ಬೆಂಕಿಯಲ್ಲಿಯೂ ಅದು ಒಡಲತನಕ ಸಮನಾಗಿ ಬೇಯುತ್ತದೆ. ಬರಿಯ ಎರೆಮಣ್ಣಿನಿಂದ ಅದನ್ನು ಮಾಡಲಾಗದು. ಎರೆ ಒಣಗಿದರೆ ಬಿರಿಯುತ್ತದೆ. ಕೆರೆಯಂಗಳದ ಮೆತ್ತನೆಯ ಮಣ್ಣಿಗೆ ಹೊಟ್ಟನ್ನೋ ಬೂದಿಯನ್ನೋ ಬೆರೆಸಿ, ತುಳಿದು, ಅಚ್ಚಿಗೆ ಬಡಿದು, ನೆರಳಿನಲ್ಲಿ ಆರಿಸಿ, ಭಟ್ಟಿಯಲ್ಲಿ ಸುಡಬೇಕು. ಹಳೆಯ ಇಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ಅಂಚನ್ನು ಸವರಿದರೆ, ಹಸಿಯಿದ್ದಾಗ ಅದನ್ನು ಅಚ್ಚಿನಿಂದ ಬಿಡಿಸಿದವರ ಬೆರಳು ಒತ್ತಿದ ತಗ್ಗು ಒಮ್ಮೊಮ್ಮೆ ನಮ್ಮ ಬೆರಳಿಗೆ ಹತ್ತುತ್ತದೆ. ಆ ಬೆರಳು ಗಂಡಸಿನದೊ ಹೆಂಗಸಿನದೊ ಬಲ್ಲವರಿಲ್ಲ. ಕೋಟೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಈ ಬೆರಳಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇಟ್ಟಿಗೆಯ ಮಾತಾಯಿತು. ಇನ್ನು ಇಟ್ಟಿಗೆಯನ್ನು ಇಟ್ಟಿಗೆಗೆ ಕೂಡಿಸುವ ಗಚ್ಚಿನ ಮಾತು. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಹಳೆಯ ಮನೆಯ ಜೀವ ಇರುವುದೇ ಗಚ್ಚಿನಲ್ಲಿ.

ಸುಣ್ಣದ ಕಲ್ಲನ್ನು, ಅಥವಾ ಎರೆಹೊಲದಲ್ಲಿ ದೊರೆಯುವ ಸುಣ್ಣದ ಹರಳನ್ನು, ಭಟ್ಟಿಯಲ್ಲಿ ಸುಡುತ್ತಾರೆ. ಸುಟ್ಟಾಗ ಅದರೊಳಗಿನ ಅಂಗಾರಾಮ್ಲವಾಯು ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಸುರಿದರೆ ಅದು ಕೊತಕೊತನೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿಯೇ ನೆನೆಯಿಟ್ಟು, ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಕೂಡಿಸಿ, ದುಂಡಗಿನ ಕಲ್ಲುಗಾಲುವೆಯಲ್ಲಿ ಸುತ್ತುವ ಗಾಣಕ್ಕೆ ಹಾಕಿ, ಎತ್ತು ಕಟ್ಟಿ ಅರೆಯುತ್ತಾರೆ. ದಖ್ಖಣದ ಕುಶಲಿಗಳು ಇದಕ್ಕೆ ಬೆಲ್ಲದ ನೀರನ್ನೂ, ಅಳಲೆಕಾಯಿಯ ಕಷಾಯವನ್ನೂ, ಬೇಲದ ಅಂಟನ್ನೂ, ಕೆಲವೆಡೆ ಉದ್ದಿನ ಹಿಟ್ಟನ್ನೂ ಸೇರಿಸುತ್ತಿದ್ದರು. ಗೋಡೆಗೆ ಹಚ್ಚಿದ ಬಳಿಕ ಆ ಗಚ್ಚು ಒಂದೆರಡು ದಿನದಲ್ಲಿ ಗಟ್ಟಿಯಾಗುವುದಿಲ್ಲ. ಭಟ್ಟಿಯಲ್ಲಿ ಕಳೆದುಕೊಂಡ ಅಂಗಾರಾಮ್ಲವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಹೀರಿಕೊಂಡು, ತಿಂಗಳುಗಳಲ್ಲಿ, ವರ್ಷಗಳಲ್ಲಿ, ಮತ್ತೆ ಕಲ್ಲಾಗುತ್ತದೆ. ಈ ಇಟ್ಟಿಗೆ ಮತ್ತು ಗಚ್ಚಿನ ಜೊತೆಗಾರಿಕೆ ಎಷ್ಟು ಭಾರ ಹೊರಬಲ್ಲುದೆಂಬುದಕ್ಕೆ ವಿಜಯಪುರದ ಗೋಳಗುಮ್ಮಟವೇ ಸಾಕ್ಷಿ: ಸುಮಾರು 124 ಅಡಿ ಒಳವ್ಯಾಸದ ಆ ಗುಮ್ಮಟ ಇಟ್ಟಿಗೆ ಗಚ್ಚುಗಳಿಂದಲೇ ಆದುದು, ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ ಮುನ್ನೂರೈವತ್ತು ವರ್ಷಕ್ಕೂ ಮೇಲೆ ನಿಂತಿದೆ.

ಕಲ್ಯಾಣದವರು ಹೆಮ್ಮೆಪಡಬೇಕಾದ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಇದೇ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1130ರ ಹೊತ್ತಿಗೆ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ, ರಾಜನೀತಿ, ಭೋಜನ, ಸಂಗೀತ, ಆನೆ ಕುದುರೆಗಳ ವಿಚಾರದೊಡನೆ, ಮನೆಯ ವಿಚಾರಕ್ಕೂ ಸ್ಥಾನವಿದೆ, ಗೋಡೆಯನ್ನು ಚಿತ್ರ ಬರೆಯಲು ಹದಗೊಳಿಸುವ ಕ್ರಮವನ್ನು ಅರಸನು ಅಲ್ಲಿ ಬಹಳ ವಿವರವಾಗಿ ತಿಳಿಸುತ್ತಾನೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯ ಹದಕ್ಕೆ ಬರುವತನಕ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ಕರಗಿಸಿ ಬಿಳಿಯ ಮಣ್ಣಿನೊಡನೆ ಬೆರೆಸಿ, ನುಣುಪಾದ ಗೋಡೆಗೆ ಒಂದರ ಮೇಲೊಂದರಂತೆ ಮೂರು ಸಲ ಲೇಪಿಸಬೇಕೆನ್ನುತ್ತಾನೆ. ವಜ್ರಲೇಪವೆಂದು ಅದಕ್ಕೆ ಹೆಸರು. ಸಾಮ್ರಾಜ್ಯದ ಒಡೆಯನಾದವನು ಗೋಡೆಯ ಲೇಪವನ್ನು ಕುರಿತು ಇಷ್ಟು ಅಕ್ಕರೆಯಿಂದ ಬರೆದನಲ್ಲ ಎಂದು ನನಗೆ ಪ್ರತಿಸಲವೂ ಸಂತೋಷವಾಗುತ್ತದೆ. ಅವನು ವರ್ಣಿಸಿದ ಗೋಡೆಗಳು ಹೋದುವು. ಪದರದ ಮೇಲೆ ಪದರ ಹಚ್ಚುವ ಬುದ್ಧಿ ಉಳಿಯಿತು.

ಗಿಲಾವು ಉದುರಿದ ಹಳೆಯ ಗೋಡೆಯ ಮೂಲೆಯೊಂದನ್ನು ಹತ್ತಿರದಿಂದ ನೋಡಿರಿ. ಒಳಗೆ ಕೆಂಪು ಇಟ್ಟಿಗೆ. ಅದರ ಮೇಲೆ ಬೆರಳು ದಪ್ಪದ ಒರಟು ಗಚ್ಚು. ಅದರ ಮೇಲೆ ಉಗುರಿನಷ್ಟು ತೆಳ್ಳಗಿನ ನುಣ್ಣನೆಯ ಗಚ್ಚು. ಅಲ್ಲಿಂದ ಹೊರಕ್ಕೆ ಸುಣ್ಣದ ಪದರುಗಳು: ಬಿಳಿ, ನೀಲಿ ಬೆರೆತ ಬಿಳಿ, ಮತ್ತೆ ಬಿಳಿ, ಯಾವುದೋ ಮದುವೆಯ ವರ್ಷದ ಹಳದಿ, ಕೆಮ್ಮಣ್ಣಿನ ಒಂದು ಪಟ್ಟಿ, ಮತ್ತೆ ಬಿಳಿ. ಹಬ್ಬ ಬಂದಾಗ ಹೆಣ್ಣುಮಕ್ಕಳು ಕುಂಚ ಹಿಡಿದು ಬಳಿದ ಸುಣ್ಣವೆಲ್ಲ ಅಲ್ಲಿದೆ. ಆ ಸುಣ್ಣ ಕೇವಲ ಅಲಂಕಾರವಾಗಿರಲಿಲ್ಲ. ಸಣ್ಣ ಬಿರುಕುಗಳನ್ನು ಅದು ತುಂಬುತ್ತಿತ್ತು, ಹುಳಹುಪ್ಪಟೆಗಳನ್ನು ದೂರವಿಡುತ್ತಿತ್ತು, ಮಳೆಗಾಲಕ್ಕೆ ಮುನ್ನ ಗೋಡೆಯನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ ಬರುವ ಸಂದರ್ಭವನ್ನು ಒದಗಿಸುತ್ತಿತ್ತು. ಮಾಳಿಗೆಗೂ ಹೀಗೆಯೇ. ಮೃಗಶಿರಾ ಮಳೆ ಬೀಳುವ ಮುಂಚೆ ಮೇಲೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಎರಚಿ, ತುಳಿದು, ಹರಿನಾಳದ ಬಾಯಿಯನ್ನು ತೆರವು ಮಾಡಿ ಇಳಿಯುವುದು ಪ್ರತಿ ಮನೆಯ ಪದ್ಧತಿಯಾಗಿತ್ತು.

ಇದುವರೆಗೆ ಹೇಳಿದ್ದನ್ನು ಕೂಡಿಸಿ ನೋಡಿದರೆ, ತೆಳುವಾದ ಇಟ್ಟಿಗೆ, ಮೆಲ್ಲನೆ ಕಲ್ಲಾಗುವ ಗಚ್ಚು, ವರ್ಷಕ್ಕೊಮ್ಮೆಯ ಸುಣ್ಣ, ಇವು ಮೂರೂ ಸೇರಿ ಗೋಡೆಯಾಯಿತು. ಇನ್ನು ಆ ಗೋಡೆಯ ಹಿಂದೆ ಬಾಳಿದ ಜನದ ಮಾತು.

ಬಿಸಿಲು ಕಾಲದಲ್ಲಿ ಬೀದರ ಜಿಲ್ಲೆಯ ಬಯಲಿನಲ್ಲಿ 40 ಡಿಗ್ರಿಯ ಶಾಖ ಅಪರೂಪವಲ್ಲ. ಎರಡಡಿ ದಪ್ಪದ ಗೋಡೆಗೆ ಹಗಲಿನ ಬಿಸಿ ಒಳಮುಖವನ್ನು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆಗ ಮನೆಯವರು ಅಂಗಳಕ್ಕೋ ಮಾಳಿಗೆಗೋ ಹಾಸಿಗೆ ಒಯ್ದಿರುತ್ತಾರೆ. ಗಚ್ಚಿನ ಗೋಡೆ ತೇವವನ್ನು ಹೀರಿ ಹೊರಕ್ಕೆ ಬಿಡುತ್ತದೆ. ಮಣ್ಣಿನ ಹರವಿಯಲ್ಲಿ ನೀರು ತಂಪಾಗುವಂತೆ ಕೋಣೆಯೂ ತುಸು ತಂಪಾಗುತ್ತದೆ.

ಗೋಡೆ ದಪ್ಪವಿದ್ದುದಕ್ಕೆ ಬಿಸಿಲೊಂದೇ ಕಾರಣವಲ್ಲ. 1657ರಲ್ಲಿ ಔರಂಗಜೇಬನ ಸೈನ್ಯ ಕಲ್ಯಾಣದ ಕೋಟೆಯನ್ನು ಮುತ್ತಿತು. ಆಮೇಲೆ ಇದು ಹೈದರಾಬಾದ ಸಂಸ್ಥಾನದೊಳಗಿನ ನವಾಬರ ಜಾಗೀರಾಯಿತು. ದಂಡು ಹಾದುಹೋಗುವ ಸೀಮೆ. ಕಿಟಕಿ ಕಡಿಮೆ, ಬಾಗಿಲು ಗಟ್ಟಿ ಇರುವುದೇ ಲೇಸೆಂದು ಮನೆ ಕಟ್ಟಿದವರು ಬಲ್ಲವರಾಗಿದ್ದರು. ಆದರೆ ಎಲ್ಲವೂ ಭಯದ ಕಥೆಯಲ್ಲ. ಕಲ್ಯಾಣಕ್ಕೆ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು 1845ರಲ್ಲಿ ಹುಮನಾಬಾದಿನ ಪಕ್ಕದಲ್ಲಿ ಮಾಣಿಕನಗರವನ್ನು ನೆಲೆಗೊಳಿಸಿದರು. ಹಿಂದೂ ಮುಸಲ್ಮಾನ ಭಕ್ತರಿಬ್ಬರೂ ಬರುತ್ತಿದ್ದ ಆ ಸಂಸ್ಥಾನದ ಸುತ್ತ ಯಾತ್ರಿಕರೂ ಗಾಯಕರೂ ನೆರೆದರು. ನೆರೆದವರು ಇಳಿದುಕೊಳ್ಳಲು ಮನೆಗಳು ಬೇಕಾಗುತ್ತವೆ. ಪಡಸಾಲೆ ಅಗಲವಾಗಿರುವುದು ಇಂಥ ಅತಿಥಿಗಳಿಗಾಗಿ.

1948ರ ದುರ್ದಿನಗಳನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರ ದಾಳಿಗೆ ಬಹಳ ಜನ ಬಲಿಯಾದರು. ಊರಿನ ದೊಡ್ಡ ವಾಡೆಯೊಂದರ ಗೋಡೆಗಳ ಮರೆಯಲ್ಲಿ ನೂರಾರು ಮಂದಿ ಆಶ್ರಯ ಪಡೆದು ಪ್ರಾಣ ಉಳಿಸಿಕೊಂಡರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ಪೊಲೀಸು ಕಾರ್ಯಾಚರಣೆಯಾಗಿ ಹೈದರಾಬಾದ ಸಂಸ್ಥಾನ ಭಾರತದಲ್ಲಿ ಸೇರಿತು; 1956ರಲ್ಲಿ ನಾವು ಕನ್ನಡ ನಾಡಿನವರಾದೆವು.

ಗೋಡೆಯನ್ನು ಇಷ್ಟು ಹೊಗಳಿದ ಮೇಲೆ, ಅದೇ ಗೋಡೆ ಪ್ರಾಣ ತೆಗೆದ ರಾತ್ರಿಯ ವಿಷಯವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಾಗದು. 1993ರ ಸೆಪ್ಟೆಂಬರ್ 30. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಬೆಳಗಿನ ನಾಲ್ಕು ಗಂಟೆಯ ಸುಮಾರಿಗೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಬಸವಕಲ್ಯಾಣಕ್ಕೂ ಆ ಸ್ಥಳಕ್ಕೂ ನೇರ ಅಳತೆಯಲ್ಲಿ 50 ಕಿಲೋಮೀಟರಿಗೂ ಕಡಿಮೆ ಅಂತರ. ಸುಮಾರು 10,000 ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಅವರವರ ಮನೆಗಳೇ. ಅಲ್ಲಿಯ ಮನೆಗಳ ಗೋಡೆ ಹೆಚ್ಚಾಗಿ ಕಾಡುಗಲ್ಲಿನದು, ಕಲ್ಲುಗಳ ನಡುವೆ ಇದ್ದುದು ಬರಿಯ ಮಣ್ಣು; ಒಳಮೈ ಹೊರಮೈಗಳನ್ನು ಕೂಡಿಸಿ ಹಿಡಿಯುವ ಉದ್ದಗಲ್ಲುಗಳು ಇರಲಿಲ್ಲ; ಮೇಲೆ, ವರ್ಷ ವರ್ಷವೂ ಮಣ್ಣು ಸೇರಿಸುತ್ತ ಸೇರಿಸುತ್ತ ದಪ್ಪವಾದ ಮಾಳಿಗೆಯ ಭಾರ. ನೆಲ ಅಲುಗಿದಾಗ ಗೋಡೆಯ ಎರಡು ಮೈಗಳು ಬೇರೆಬೇರೆಯಾಗಿ ಸೀಳಿದವು, ಮಾಳಿಗೆ ಕುಸಿಯಿತು. ನಾನು ಮೇಲೆ ಉಪಚಾರವೆಂದು ಕರೆದ ಪದ್ಧತಿಯಲ್ಲಿಯೇ ಒಂದು ದೋಷವಿತ್ತೆಂದು ಇದರಿಂದ ತಿಳಿಯುತ್ತದೆ: ಹೊಸ ಮಣ್ಣು ಹಾಕುವವರು ಹಳೆಯ ಮಣ್ಣನ್ನು ತೆಗೆಯುತ್ತಿರಲಿಲ್ಲ. ಕಿಲ್ಲಾರಿಯ ತರುವಾಯ ನಮ್ಮ ಕಡೆಯಲ್ಲಿಯೂ ಜನ ಹಳೆಯ ಮನೆಯೆಂದರೆ ಹೆದರತೊಡಗಿದರು. ಆ ಹೆದರಿಕೆಗೆ ಕಾರಣವಿದೆ, ಅದನ್ನು ಅಜ್ಞಾನವೆಂದು ತಳ್ಳಿಹಾಕುವವರೊಡನೆ ನನ್ನ ಸಮ್ಮತಿಯಿಲ್ಲ. ಆದರೆ ಮಣ್ಣಿನಲ್ಲಿ ಕೂಡಿಸಿದ ಕಾಡುಗಲ್ಲಿನ ಗೋಡೆಯೂ, ಸಮವಾದ ಸಾಲುಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಂತೆ ಗಚ್ಚಿನಲ್ಲಿ ಕಟ್ಟಿದ ಇಟ್ಟಿಗೆಯ ಗೋಡೆಯೂ ಒಂದೇ ಅಲ್ಲ. ಮಾಳಿಗೆಯ ಭಾರವನ್ನು ಇಳಿಸಿ, ಮೂಲೆಗಳನ್ನು ಬಿಗಿದು, ಗೋಡೆಯ ನೆತ್ತಿಗೆ ಸುತ್ತಲೂ ಒಂದು ಕಟ್ಟು ಕಟ್ಟಿದರೆ, ಇಂಥ ಮನೆಯ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಬಹುದು.

ಭೂಕಂಪದ ಮಾತು ಹೀಗಾಯಿತು. ಕೊನೆಯದಾಗಿ, ಭೂಕಂಪವಿಲ್ಲದೆಯೂ ಪ್ರತಿದಿನ ನಡೆಯುತ್ತಿರುವ ಹಾನಿಯ ಮಾತು. ಅದು ಸಿಮೆಂಟಿನದು.

ಸಿಮೆಂಟು ಕೆಟ್ಟ ವಸ್ತುವಲ್ಲ. ಹೊಸ ಮನೆಗೆ ಅದು ಬೇಕು. ಹಳೆಯ ಗಚ್ಚಿನ ಗೋಡೆಗೆ ಮಾತ್ರ ಅದು ಹೊಂದುವುದಿಲ್ಲ. ಪಾಯದಿಂದ ತೇವ ಮೇಲಕ್ಕೇರಿ ಗಿಲಾವು ಉದುರಿತೆಂದು ಮನೆಯವರು ಗೌಂಡಿಯನ್ನು ಕರೆಸಿ, ಮೂರು ಅಡಿ ಎತ್ತರಕ್ಕೆ ಸಿಮೆಂಟು ಮೆತ್ತಿಸುತ್ತಾರೆ. ಒಂದು ಮಳೆಗಾಲ ಗೋಡೆ ಸೊಗಸಾಗಿ ಕಾಣುತ್ತದೆ. ಹೊರಬರಲು ದಾರಿಯಿಲ್ಲದ ತೇವ ಸಿಮೆಂಟಿನ ಹಿಂದೆಯೇ ಮೇಲೇರಿ ಮೂರು ಅಡಿಯಿದ್ದುದು ಐದು ಅಡಿಗೆ ಹತ್ತುತ್ತದೆ. ನೀರಿನೊಡನೆ ಬಂದ ಉಪ್ಪು ಇಟ್ಟಿಗೆಯ ಮೈಯೊಳಗೇ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಇಟ್ಟಿಗೆಯ ಮುಖ ಹಿಟ್ಟುಹಿಟ್ಟಾಗಿ ಉದುರುತ್ತದೆ. ಕೆಲವು ವರ್ಷಗಳ ಬಳಿಕ ಸಿಮೆಂಟಿನ ಹಲ್ಲೆ ಇಡಿಯಾಗಿ ಕಳಚಿ ಬಿದ್ದಾಗ, ಅದರ ಬೆನ್ನಿಗೆ ಅಂಟಿಕೊಂಡು ನೂರು ವರ್ಷದ ಇಟ್ಟಿಗೆಯೂ ಬರುತ್ತದೆ. ಆಗ ಮನೆ ಹಳೆಯದಾಯಿತು, ಕೆಡವಬೇಕು ಎನ್ನುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನೆಗೆ ಆದುದು ಮುಪ್ಪಲ್ಲ, ಹೊಂದದ ಮದ್ದು.

ಹಳೆಯ ಮನೆಯುಳ್ಳ ಶ್ರೋತೃಗಳಿಗೆ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಮೊದಲು ನೀರಿನ ದಾರಿ ನೋಡಿಕೊಳ್ಳಿ. ಹರಿನಾಳದ ನೀರು ಗೋಡೆಯ ಬುಡದಲ್ಲಿ ಬೀಳಕೂಡದು. ಅಂಗಳದ ಫರಸಿಯ ಇಳಿಜಾರು ಗೋಡೆಯಿಂದ ಆಚೆಗಿರಬೇಕು. ಮಾಳಿಗೆಗೆ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ತೆಗೆಸಿ, ಜಂತಿಯ ತುದಿಗಳು ಗೋಡೆಯೊಳಗೆ ಲಡ್ಡಾಗಿವೆಯೆ ಎಂದು ಚುಚ್ಚಿ ನೋಡಿರಿ. ಬಿರುಕು ಕಂಡರೆ ಬಲ್ಲವರಿಗೆ ತೋರಿಸದೆ ಮುಚ್ಚಬೇಡಿ. ಗಿಲಾವು ಹಚ್ಚಿಸುವುದಾದರೆ ಸುಣ್ಣದ ಗಚ್ಚನ್ನೇ ಹಚ್ಚಿಸಿರಿ. ಬೀದರ, ವಿಜಯಪುರಗಳ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಪಳಗಿದ ಗೌಂಡಿಗಳು ಈಗಲೂ ಇದ್ದಾರೆ. ನಮ್ಮ ಎರಡು ತಾಲ್ಲೂಕಿನ ನಾಲ್ಕು ತರುಣರಾದರೂ ಅವರ ಬಳಿ ನಿಂತು ಆ ಹದವನ್ನು ಕಲಿತುಕೊಳ್ಳಲಿ. ಕಡುಬೇಸಗೆಯಲ್ಲಿ ಈ ಕೆಲಸ ಹಿಡಿಯಬೇಡಿ, ಗಚ್ಚು ಹದವಾಗುವ ಮೊದಲೇ ಒಣಗಿ ಸೀಳುತ್ತದೆ. ಮಳೆ ಹಿಂದೆಗೆದ ಮೇಲೆ, ದಸರೆಯಿಂದ ಶಿವರಾತ್ರಿಯವರೆಗೆ ಅದಕ್ಕೆ ತಕ್ಕ ಕಾಲ. ಹಚ್ಚಿದ ಗೋಡೆಗೆ ಒದ್ದೆಯ ಗೋಣಿತಟ್ಟನ್ನು ಇಳಿಬಿಟ್ಟು, ಎರಡು ವಾರವಾದರೂ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿರಬೇಕು.